ಆಮೆಯ ಜಾಡು ಹಿಡಿದು

ಮಧ್ಯ ರೈಲ್ವೆಯ ಗಾಡಿಗಳಲ್ಲಿ ಅರ್ಧ ಆಯುಷ್ಯ ಕಳೆದ ನಮ್ಮಂಥವರಿಗೆ ‘ಫಾಸ್ಟ್’ ಎಂದರೇನು, ‘ಸ್ಲೋ’ ಎಂದರೇನು ಎಂದು ಯಾರೂ ಕಲಿಸಿಕೊಡಬೇಕಾಗಿಲ್ಲ. ಫಾಸ್ಟ್ ಎಂಬ ಬೋರ್ಡು ಹೊತ್ತ ಗಾಡಿ ದಿವಾದ ಹತ್ತಿರ ಸಿಗ್ನಲ್ಲಿಗಾಗಿ ಕಾದು ನಿಂತಿರುವಾಗ, ಪಕ್ಕದ ಹಳಿಯ ಮೇಲೆ ಸ್ಲೋ ಗಾಡಿ ಗಂಭೀರವಾಗಿ ನಮ್ಮನ್ನು ದಾಟಿಹೋಗುವ ದೃಶ್ಯವನ್ನು ಡೊಂಬಿವಲಿ, ಕಲ್ಯಾಣದವರಲ್ಲಿ ಯಾರು ನೋಡಿಲ್ಲ? ಬೋರ್ಡಿನ ಮೇಲಿನ ವೇಗವೇ ಬೇರೆ, ಗಾಡಿಯ ವೇಗವೇ ಬೇರೆ. 2022ರ ಫೆಬ್ರುವರಿಯಲ್ಲಿ ಥಾಣೆ–ದಿವಾ ನಡುವೆ 5ನೆಯ ಮತ್ತು 6ನೆಯ ಹಳಿಗಳು ತೆರೆದಾಗ ಯಾವ ಗಾಡಿಯ ಬಲವೂ ಹೆಚ್ಚಲಿಲ್ಲ. ದಾರಿ ಅಗಲವಾಯಿತು, ಅಷ್ಟೆ. ಆದರೆ ದಾರಿ ಎಲ್ಲಿ ಇಕ್ಕಟ್ಟಾಗಿದೆ ಎಂಬುದನ್ನು ಮೊದಲು ಯಾರೋ ಕುಳಿತು ಲೆಕ್ಕ ಹಾಕಿ ಕಂಡುಹಿಡಿದಿರಬೇಕಲ್ಲವೆ?

ಮನೆಯ ಬ್ರಾಡ್‌ಬ್ಯಾಂಡಿನ ವಿಷಯ ಬರೆಯಹೊರಟವರು ರೈಲಿನ ಮಾತೇಕೆ ಎತ್ತಿದರು ಎಂದು ಓದುಗರು ಕೇಳಬಹುದು. ಎರಡರ ಜಾತಿಯೂ ಒಂದೇ ಎಂಬುದು ನಮ್ಮ ಈಚಿನ ಅನುಭವ. ನಿಧಾನವಾಯಿತು, ನಿಧಾನವಾಯಿತು ಎಂದು ಗೊಣಗುವುದು ಸುಲಭ. ಎಲ್ಲಿ ನಿಧಾನವಾಯಿತು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ನಮ್ಮ ಕಡೆಯ ತಂತಿಯ ಇತಿಹಾಸವೇ ಸ್ವಲ್ಪ ವಿಚಿತ್ರ. ಮುಂಬಯಿಯ ಟೆಲಿಫೋನು 1986ರಲ್ಲಿ ಮಹಾನಗರ ಟೆಲಿಫೋನ್ ನಿಗಮದ ಕೈಗೆ ಹೋದಾಗ ಥಾಣೆ ಮತ್ತು ನವಿ ಮುಂಬಯಿ ಅದರ ಸರಹದ್ದಿನೊಳಗೆ ಬಂದವು. ಕಲ್ಯಾಣ, ಡೊಂಬಿವಲಿ ಹೊರಗೆ ಉಳಿದವು. ಅವರ ಸಂಖ್ಯೆಯ ಮುಂದೆ 022, ನಮ್ಮ ಸಂಖ್ಯೆಯ ಮುಂದೆ 0251. ಬೆಳಿಗ್ಗೆ ಒಂದೇ ಗಾಡಿಯಲ್ಲಿ ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ಹೋಗುವ ನಾವು ಟೆಲಿಫೋನಿನ ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ ಊರಿನವರು! 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ಮೊದಲು ಸಿಕ್ಕಿದ್ದು ಮುಂಬಯಿಯಂಥ ಮಹಾನಗರಗಳಿಗೆ. ಟೆಲಿಫೋನು ಕೀಚು ಕೀಚೆಂದು ಕಿರುಚಿ, ಗೊರಗೊರ ಮಾಡಿ, ಕೊನೆಗೆ ಒಂದು ಪತ್ರ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದ ಕಾಲ ಅದು. 2004ರ ಸರಕಾರಿ ಧೋರಣೆ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಬಹುದು ಎಂದಿತು. 2023ರಲ್ಲಿ ಆ ಅಳತೆಯನ್ನು 2 ಮೆಗಾಬಿಟ್‌ಗೆ ಏರಿಸಿದರು. ಇಂದು ನಮ್ಮ ಬೀದಿಯ ಗೋಡೆಗಳ ಮೇಲಿನ ಜಾಹೀರಾತುಗಳು 100, 150, 300 ಎಂದು ಸಾರುತ್ತವೆ. ಆದರೆ ಓದುಗರು ಕನ್ನಡಕ ಹಾಕಿಕೊಂಡು ನೋಡಬೇಕು. ಅಂಕಿಯ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ‘ತನಕ’ ಎಂದು ಇರುತ್ತದೆ. 150ರ ತನಕ. ಆರು ಕೂಡ ನೂರೈವತ್ತರ ತನಕವೇ ಬರುವ ಅಂಕಿಯಲ್ಲವೆ?

ಆ ಆರರ ಕತೆಯೇ ನಮ್ಮದು. ನಾವಿಬ್ಬರು ನಿವೃತ್ತರು. ಸಿನೆಮಾ ಅರ್ಧ ಗಂಟೆ ತಡವಾಗಿ ಇಳಿದರೆ ಕಳೆದುಕೊಳ್ಳುವಂಥದ್ದೇನೂ ನಮಗಿಲ್ಲ. ಆದರೆ ಮನೆಯಲ್ಲಿ 88 ವರ್ಷದ ಅವ್ವ ಇದ್ದಾಳೆ. ಅವಳ ಒಡಹುಟ್ಟಿದವರಲ್ಲಿ ಈಗ ಉಳಿದವಳು ಒಬ್ಬಳೇ, ಗದಗಿನಲ್ಲಿರುವ ಚಿಗವ್ವ. ಇಬ್ಬರಿಗೂ ಇನ್ನು ಪ್ರಯಾಣ ಸಾಧ್ಯವಿಲ್ಲ. ಅವ್ವನಿಗೆ ಕಿವಿ ಮಂದವಾಗಿ ಹತ್ತು ವರ್ಷವಾಯಿತು. ಯಂತ್ರ ಹಾಕಿಕೊಂಡರೂ ಬರಿಯ ಫೋನಿನಲ್ಲಿ ಅವಳಿಗೆ ಮಾತು ತಿಳಿಯುವುದಿಲ್ಲ. ಆಡುವವರ ತುಟಿ ಕಾಣಬೇಕು. ಅರ್ಧ ಕಿವಿಯಿಂದ, ಅರ್ಧ ಕಣ್ಣಿನಿಂದ ಅವಳು ಕೇಳುತ್ತಾಳೆ. ಹೀಗಾಗಿ ವಿಡಿಯೋ ಕರೆ ಬಂದಾಗಿನಿಂದ ಅವಳಿಗೆ ತಂಗಿ ಮರಳಿ ಸಿಕ್ಕಂತಾಯಿತು. ರಾತ್ರಿ ಒಂಬತ್ತಕ್ಕೆ ಗದಗಿನಲ್ಲಿ ಮೊಮ್ಮಗ ಅಂಗಡಿ ಮುಚ್ಚಿ ಮನೆಗೆ ಬಂದು ಫೋನು ಹಚ್ಚಿ ಕೊಡುತ್ತಾನೆ. “ಅಕ್ಕಾ, ಉಂಡ್ಯಾ?” ಎಂಬಲ್ಲಿಂದ ಮೊದಲಾಗಿ, ಸತ್ತವರ, ಹುಟ್ಟಿದವರ, ಹೋಳಿಗೆಯ ಹೂರಣದವರೆಗಿನ ಮಾತು ಇಪ್ಪತ್ತು ನಿಮಿಷ ನಡೆಯುತ್ತದೆ.

ಆ ವರ್ಷ ಮಳೆಗಾಲ ಹಿಡಿದ ಮೇಲೆ ಚಿತ್ರ ನಿಲ್ಲತೊಡಗಿತು. ಚಿಗವ್ವನ ಬಾಯಿ ಅರ್ಧ ತೆರೆದಂತೆಯೇ ಕಲ್ಲಾಗುವುದು, ಮುಖ ಚೌಕ ಚೌಕವಾಗಿ ಒಡೆಯುವುದು, ಮತ್ತೆ ಒಮ್ಮೆಲೇ ನಾಲ್ಕು ಮಾತು ಒಟ್ಟಿಗೆ ಉದುರುವುದು. ನಮಗಾದರೆ ದನಿಯಾದರೂ ಕೇಳಿಸುತ್ತಿತ್ತು. ಅವ್ವನಿಗೆ ಚಿತ್ರ ನಿಂತಿತೆಂದರೆ ಮಾತೂ ನಿಂತಿತು. “ಅಕೀ ಬಾಯಿ ಕಾಣವಲ್ದು, ನನಗೇನು ತಿಳೀಬೇಕು?” ಎಂದು ಅವಳು ಫೋನನ್ನು ನಮ್ಮ ಕೈಗೆ ಕೊಟ್ಟು ಒಳಗೆ ಹೋಗತೊಡಗಿದಳು. ನಾಲ್ಕನೆಯ ದಿನ ಒಂಬತ್ತಕ್ಕೆ ಗಂಟೆ ಬಾರಿಸಿದಾಗ “ಮಲಗ್ಯಾಳ ಅಂತ ಹೇಳ್ರಿ” ಎಂದಳು. ಮಲಗಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಆಗ ನಮಗೆ ಈ ವಿಷಯವನ್ನು ಗೊಣಗಾಟಕ್ಕೆ ಬಿಟ್ಟರೆ ಆಗದು ಎನಿಸಿತು.

ಬ್ರಾಡ್‌ಬ್ಯಾಂಡ್ ಕೊಡುವವರ ಹೆಸರು ಇಲ್ಲಿ ಬೇಡ. ಫೋನು ಮಾಡಿದಾಗಲೆಲ್ಲ ಅತ್ತಲಿಂದ ಒಂದೇ ಮಂತ್ರ: “ಪೆಟ್ಟಿಗೆ ಆರಿಸಿ, ಎರಡು ನಿಮಿಷ ಬಿಟ್ಟು ಹಚ್ಚಿ.” ಈ ಮಂತ್ರವನ್ನು ನಗೆಯಾಡುವ ಹಾಗಿಲ್ಲ, ಅದರಲ್ಲಿ ಸತ್ಯವಿದೆ. ದಿನಗಟ್ಟಲೆ ನಡೆಯುತ್ತಿರುವ ಪೆಟ್ಟಿಗೆಯ ನೆನಪಿನಲ್ಲಿ ಕಸ ತುಂಬಿರುತ್ತದೆ, ಆರಿಸಿ ಹಚ್ಚಿದರೆ ಅದು ತೊಳೆದುಹೋಗುತ್ತದೆ. ಅಕ್ಕಪಕ್ಕದ ಮನೆಗಳ ಗದ್ದಲ ಕಡಿಮೆ ಇರುವ ಹಾದಿಯನ್ನು ಹೊಸದಾಗಿ ಆರಿಸಿಕೊಳ್ಳುವ ಪೆಟ್ಟಿಗೆಗಳೂ ಉಂಟು. ಆದರೆ ದಿನಕ್ಕೆ ಮೂರು ಸಲ ಆರಿಸಿ ಹಚ್ಚಬೇಕಾಗಿ ಬಂದರೆ ರೋಗ ಬೇರೆಲ್ಲಿಯೋ ಇದೆ ಎಂದೇ ಅರ್ಥ.

ನಮ್ಮ ಪುಣ್ಯಕ್ಕೆ ಮೂರನೆಯ ಮಹಡಿಯಲ್ಲಿ ನಮ್ಮವರೇ ಆದ ಒಂದು ಕುಟುಂಬವಿದೆ. ಅವರ ಮಗಳು ಐರೋಲಿಯ ಒಂದು ಡೇಟಾ ಸೆಂಟರಿನಲ್ಲಿ ಕೆಲಸಕ್ಕಿದ್ದಾಳೆ. ಥಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್‌ಹಾರ್ಬರ್ ಹಿಡಿದು ಹೋಗುವವಳು. ಒಂದು ಭಾನುವಾರ ಅವಳು ಬಂದು ಎಲ್ಲ ಕೇಳಿಕೊಂಡು, “ಕಾಕಾ, ಮೊದಲ ಮನೀ ಒಳಗಿಂದ ನೋಡೂಣು. ಹೊರಗಿನವರನ್ನ ಬೈಯೂದು ಆಮ್ಯಾಲೆ” ಎಂದಳು. ಒಂದು ನೂರು ಪುಟದ ನೋಟುಪುಸ್ತಕ ತರಿಸಿದಳು. ದಿನಾಂಕ, ವೇಳೆ, ಮನೆಯ ಯಾವ ಜಾಗ, ತಂತಿಯೋ ವೈ-ಫೈಯೋ, ಬಂದ ವೇಗ, ಹೊರಗೆ ಮಳೆ ಇತ್ತೋ ಇಲ್ಲವೋ ಎಂದು ಅಂಕಣ ಎಳೆದಳು. ಅಳೆಯುವಾಗ ಮನೆಯ ಉಳಿದ ಫೋನು, ಟಿವಿ ಎಲ್ಲ ಆರಿರಬೇಕು. ಒಂದು ಸಲವಲ್ಲ, ಮೂರು ಸಲ ಅಳೆದು ನಡುವಿನ ಅಂಕಿ ಬರೆಯಬೇಕು. ಬ್ಯಾಂಕಿನ ಲೆಡ್ಜರಿನಲ್ಲಿ ಕಣ್ಣು ಸವೆಸಿದ ನಮಗೆ ಈ ಕೆಲಸ ಹಿತವಾಗಿಯೇ ಇತ್ತು.

ಮೊದಲು ಅಳತೆಯ ಬಗ್ಗೆ ಒಂದು ಮಾತು. ಇದರಿಂದ ಎಷ್ಟೋ ಮನೆಗಳ ಜಗಳ ನಿಲ್ಲಬಹುದು. ಕಂಪನಿಯವರು ಮಾರುವುದು ಮೆಗಾಬಿಟ್ಟಿನ ಲೆಕ್ಕದಲ್ಲಿ. ನಾವು ಫೈಲು ಇಳಿಸಿಕೊಳ್ಳುವಾಗ ಗಣಕಯಂತ್ರ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟಿನ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಮೆಗಾಬಿಟ್ಟಿನ ಸಂಪರ್ಕದಲ್ಲಿ ಫೈಲು ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟಿಗಿಂತ ಬೇಗ ಇಳಿಯಲಾರದು. ನಮ್ಮ ಕಟ್ಟಡದಲ್ಲೇ ಒಬ್ಬ ಗೃಹಸ್ಥರು “ನೂರಕ್ಕೆ ದುಡ್ಡು ಕೊಟ್ಟು ಹನ್ನೆರಡು ಪಡೆಯುತ್ತಿದ್ದೇನೆ” ಎಂದು ಗ್ರಾಹಕ ನ್ಯಾಯಾಲಯಕ್ಕೆ ಹೊರಟು ನಿಂತಿದ್ದರು. ಅವರಿಗೆ ಸಿಗುತ್ತಿದ್ದದ್ದು ಪೂರಾ ನೂರೇ! ಪಾವಿನ ಲೆಕ್ಕವನ್ನು ಸೇರಿನಲ್ಲಿ ಅಳೆದರೆ ವ್ಯಾಪಾರಿಯ ತಪ್ಪೇನು?

ಆಮೇಲೆ ನಮ್ಮ ಮನೆಯ ಪರೀಕ್ಷೆ. ಹುಡುಗಿ ತನ್ನ ಲ್ಯಾಪ್‌ಟಾಪನ್ನು ವೈ-ಫೈ ಬಿಟ್ಟು, ಪೆಟ್ಟಿಗೆಯ ಜೊತೆ ಬಂದಿದ್ದ ತಂತಿಯಿಂದಲೇ ನೇರ ಪೆಟ್ಟಿಗೆಗೆ ಜೋಡಿಸಿ ಅಳೆದಳು. 94 ಬಂತು. ಮತ್ತೆ ಅಳೆದಳು, ಮತ್ತೆ 94. “150 ಇರಬೇಕಾದಲ್ಲಿ 80 ಬಂದಿದ್ದರೆ ಬೇರೆ ಮಾತು. 94ಕ್ಕೆ ಬಂದು ಗೋಡೆಗೆ ಬಡಿದ ಹಾಗೆ ನಿಂತರೆ ತಂತಿಯ ಕಡೆ ನೋಡಬೇಕು” ಎಂದಳು. ಈ ಲ್ಯಾನ್ ತಂತಿಯ ಹೊಟ್ಟೆಯೊಳಗೆ ಎರಡೆರಡಾಗಿ ಹೆಣೆದ ನಾಲ್ಕು ಜೋಡಿ, ಅಂದರೆ ಎಂಟು ಎಳೆಗಳು ಇರಬೇಕು. ಎರಡು ಜೋಡಿ ಇದ್ದರೆ 100 ಮೆಗಾಬಿಟ್ ಹರಿಯುತ್ತದೆ. ಲೆಕ್ಕಪತ್ರದ ಖರ್ಚು ಕಳೆದು ನಮ್ಮ ಕೈಗೆ ಸಿಗುವುದು 94ರ ಸುಮಾರು. 1000ದ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಪೆಟ್ಟಿಗೆಯ ಜೊತೆ ಬಂದಿದ್ದ ಆ ತಂತಿಯ ಪಾರದರ್ಶಕ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ಎಣಿಸಿದೆವು. ಒಳಗೆ ಇದ್ದದ್ದು ನಾಲ್ಕೇ ಎಳೆ! ಸ್ಟೇಶನ್ ರಸ್ತೆಯಿಂದ ಎಂಟೆಳೆಯ ತಂತಿ ತಂದು ಹಾಕಿದೊಡನೆ 148 ಬಂತು. ತಂತಿಯ ಮೇಲೆ ಅಳೆದು 94ರ ಮೇಲೆ ಏರದವರು ಇದ್ದರೆ, ಮೊದಲು ಈ ಎಳೆಗಳನ್ನು ಎಣಿಸಿ ನೋಡಬೇಕು.

ಇದರಿಂದ ಅವ್ವನಿಗೆ ಏನೂ ಉಪಯೋಗವಾಗಲಿಲ್ಲ. ಆದರೆ ಬೀದಿಯಿಂದ ಪೆಟ್ಟಿಗೆಯವರೆಗೆ ಒಣಹವೆಯ ದಿನ ಸಾಕಷ್ಟು ಬರುತ್ತಿದೆ ಎಂಬುದು ಗೊತ್ತಾಯಿತು. ಪೆಟ್ಟಿಗೆಯ ಬಳಿ 148, ಅವ್ವನ ಕೋಣೆಯಲ್ಲಿ 6. ನಡುವೆ ಇಪ್ಪತ್ತೈದು ಅಡಿ. ಉಳಿದ 142 ಈ ಇಪ್ಪತ್ತೈದು ಅಡಿಯಲ್ಲಿ ಸೋರಿಹೋಗುತ್ತಿತ್ತು.

ಡೊಂಬಿವಲಿಯ ಫ್ಲಾಟು ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಪೆಟ್ಟಿಗೆ ಜೋಡಿಸುವ ಹುಡುಗ ತಂತಿ ಒಳಗೆ ಬಂದಲ್ಲೇ, ಬಾಗಿಲ ಪಕ್ಕದಲ್ಲೇ, ಮೊಳೆ ಹೊಡೆದು ಹೋಗುತ್ತಾನೆ. ಅವನಿಗೆ ದಿನಕ್ಕೆ ಹತ್ತು ಮನೆ ಮುಗಿಸಬೇಕು. ನಮ್ಮಲ್ಲಿ ಆ ಜಾಗದಿಂದ ಅವ್ವನ ಕೋಣೆಗೆ ಹೋಗಬೇಕಾದರೆ ವೈ-ಫೈ ಅಲೆಗಳು ಎರಡು ಗೋಡೆ, ಒಂದು ಕಾಂಕ್ರೀಟ್ ಕಂಬ ಮತ್ತು ಆಳೆತ್ತರದ ಒಂದು ಕಬ್ಬಿಣದ ಕಪಾಟನ್ನು ದಾಟಬೇಕಿತ್ತು. ಲೋಹಕ್ಕೆ ಬಡಿದ ಅಲೆ ತಿರುಗಿ ಹೋಗುತ್ತದೆಯೇ ಹೊರತು ತೂರಿ ಬರುವುದಿಲ್ಲ. ಅಲ್ಲದೆ ಪೆಟ್ಟಿಗೆ ಎರಡು ಬಗೆಯ ಅಲೆಗಳನ್ನು ಬಿಡುತ್ತದೆ. 2.4 ಗಿಗಾಹರ್ಟ್ಸಿನದು ದೂರ ಹೋಗುತ್ತದೆ, ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ಆದರೆ ಹೊರುವ ಭಾರ ಕಡಿಮೆ. 5 ಗಿಗಾಹರ್ಟ್ಸಿನದು ಭಾರ ಹೊರುತ್ತದೆ, ಗೋಡೆ ಕಂಡರೆ ಸೋಲುತ್ತದೆ. ಅವ್ವನ ಕೋಣೆಗೆ ತಲುಪುತ್ತಿದ್ದದ್ದು ಮೊದಲನೆಯದು ಮಾತ್ರ. ಅದಕ್ಕೋ ಸಂತೆಯ ಗದ್ದಲ. ಹುಡುಗಿ ಫೋನಿನಲ್ಲಿ ತೋರಿಸಿದಳು: ನಮ್ಮ ಹಾಲಿನಲ್ಲಿ ನಿಂತರೆ ಇಪ್ಪತ್ತೇಳು ಮನೆಗಳ ವೈ-ಫೈ ಕಾಣುತ್ತಿತ್ತು. 2.4ರಲ್ಲಿ ಒಂದರ ಮೇಲೊಂದು ಬೀಳದ ಹಾದಿಗಳು ಮೂರೇ. 1, 6, ಮತ್ತು 11. ಇಪ್ಪತ್ತೇಳು ಮನೆಯವರು ಮೂರು ಹಾದಿಯಲ್ಲಿ ನಡೆಯುವುದೆಂದರೆ ಬೆಳಗಿನ ಎಂಟೂವರೆಯ ಡೊಂಬಿವಲಿಯ ಸೇತುವೆಯೇ ಸರಿ. ಸಾಲದ್ದಕ್ಕೆ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅದೇ 2.4ರ ಸುಮಾರಿನಲ್ಲಿ. ಪಕ್ಕದ ಮನೆಯವರು ಅನ್ನ ಬಿಸಿ ಮಾಡಿದರೆ ಗದಗಿನ ಚಿತ್ರ ನಡುಗುವುದು ಅಸಂಭವವಲ್ಲ.

ಎಂಟೆಳೆಯ ತಂತಿಯನ್ನು ಗೋಡೆಯಂಚಿನಲ್ಲಿ ಎಳೆದು, ಅವ್ವನ ಕೋಣೆಯ ಬಾಗಿಲ ಮೇಲೆ ಇನ್ನೊಂದು ಚಿಕ್ಕ ರೂಟರ್ ಕೂಡಿಸಿದೆವು. ಅಲ್ಲಿ 5 ಗಿಗಾಹರ್ಟ್ಸ್ ನೇರ ಸಿಗತೊಡಗಿತು. ಆರು ಇದ್ದದ್ದು 120 ಆಯಿತು. ಆ ರಾತ್ರಿ ಅಕ್ಕತಂಗಿಯರ ಮಾತು ಹದಿನೆಂಟು ನಿಮಿಷ ಎಡೆಬಿಡದೆ ನಡೆಯಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂರು ದಿನದ ಮೇಲೆ ರಪರಪ ಮಳೆ ಹೊಡೆಯಿತು. ಚಿಗವ್ವನ ಬಾಯಿ ಮತ್ತೆ ಕಲ್ಲಾಯಿತು. ನೋಟುಪುಸ್ತಕ ತೆರೆದು ನೋಡಿದರೆ ಮಳೆಯ ಅಂಕಣ ತಾನಾಗಿ ಉತ್ತರ ಹೇಳುತ್ತಿತ್ತು. ಒಣಗಿದ ದಿನ ರಾತ್ರಿಯೂ ಪರವಾಗಿಲ್ಲ. ಗಾಳಿಮಳೆಯ ದಿನ ಬೆಳಿಗ್ಗೆಯೂ, ತಂತಿಯ ಮೇಲೆ ಅಳೆದರೂ, 20, 30. ರೋಗ ಈಗ ಮನೆಯ ಹೊರಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ವಿಡಿಯೋ ಕರೆಗೆ 2–3 ಮೆಗಾಬಿಟ್ ಸಾಕು. ಹಾಗಿದ್ದರೆ 20 ಇದ್ದಾಗಲೂ ಚಿತ್ರವೇಕೆ ನಿಲ್ಲಬೇಕು? ಅಂತರ್ಜಾಲದಲ್ಲಿ ಮಾತಾಗಲಿ, ಚಿತ್ರವಾಗಲಿ, ಫೈಲಾಗಲಿ ಅಖಂಡವಾಗಿ ಬರುವುದಿಲ್ಲ. ಚಿಕ್ಕ ಚಿಕ್ಕ ಲಕೋಟೆಗಳಾಗಿ ಬರುತ್ತವೆ. ಫೈಲು ಇಳಿಸುವಾಗ ಒಂದು ಲಕೋಟೆ ಕಳೆದರೆ ಯಂತ್ರ ಅದನ್ನು ಮತ್ತೆ ತರಿಸಿಕೊಳ್ಳುತ್ತದೆ. ಅಷ್ಟೇ ಅಲ್ಲ, ಲಕೋಟೆ ಕಳೆಯಿತೆಂದರೆ ದಾರಿಯಲ್ಲಿ ನೂಕುನುಗ್ಗಲು ಇದೆ ಎಂದು ಭಾವಿಸಿ ಕಳಿಸುವವನು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಾನೆ. ನೂರರಲ್ಲಿ ಒಂದೆರಡು ಕಳೆದರೂ ಡೌನ್‌ಲೋಡ್ ಕುಸಿದುಬೀಳುವುದು ಇದರಿಂದ. ಮುಖಾಮುಖಿ ಮಾತಿನಲ್ಲಿ ಮತ್ತೆ ತರಿಸಿಕೊಳ್ಳಲು ಹೊತ್ತಿಲ್ಲ. ಕಳೆದ ಲಕೋಟೆಯ ಜೊತೆ ಅಷ್ಟು ತುಟಿಯ ಚಲನೆಯೂ ಕಳೆಯಿತು. ಹುಡುಗಿ ‘ಪಿಂಗ್’ ಎಂಬ ಪರೀಕ್ಷೆ ಮಾಡಿದಳು. ದೂರದ ಯಂತ್ರವನ್ನು “ಇದ್ದೀಯಾ?” ಎಂದು ನೂರು ಸಲ ಕೂಗುವುದು, ಎಷ್ಟು ಸಲ “ಇದ್ದೇನೆ” ಎಂಬ ಉತ್ತರ ಬಂತೆಂದು ಎಣಿಸುವುದು. ಮಳೆಯಲ್ಲಿ ನೂರಕ್ಕೆ ಏಳು ಕೂಗಿಗೆ ಉತ್ತರವೇ ಬರುತ್ತಿರಲಿಲ್ಲ.

ಮನೆಗೆ ಬರುವ ಫೈಬರ್ ಎಂದರೆ ಕೂದಲೆಳೆಯಂಥ ಗಾಜಿನ ನೂಲು. ಅದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಅದೂ ಕಣ್ಣಿಗೆ ಕಾಣದ ಬೆಳಕು. ಕಾಣುವುದಿಲ್ಲವೆಂದು ಅದರ ತುದಿಯನ್ನು ಕಣ್ಣ ಹತ್ತಿರ ಹಿಡಿದು ಯಾರೂ ನೋಡಬಾರದು, ಅಪಾಯ. ಆ ಬೆಳಕು ಎಷ್ಟು ಬಲದಿಂದ ಬರುತ್ತಿದೆ ಎಂದು ಪೆಟ್ಟಿಗೆಯೇ ತನ್ನ ಒಂದು ಪುಟದಲ್ಲಿ ತೋರಿಸುತ್ತದೆ. ಅಂಕಿ ಋಣದಲ್ಲಿರುತ್ತದೆ. ಮೈನಸ್ 8ರಿಂದ ಮೈನಸ್ 27ರ ಒಳಗಿದ್ದರೆ ಸಾಮಾನ್ಯವಾಗಿ ಕ್ಷೇಮ. ಮೂರು ಅಂಕ ಇಳಿದರೆ ಬೆಳಕು ಅರ್ಧವಾಯಿತೆಂದು ಲೆಕ್ಕ, ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು. ನಮ್ಮಲ್ಲಿ ಅದು ಮೈನಸ್ 28ರ ಆಚೆ ಈಚೆ ತೂಗಾಡುತ್ತಿತ್ತು.

ಈ ಅಂಕಿ, ಏಳು ಕೂಗಿನ ಲೆಕ್ಕ ಮತ್ತು ಹತ್ತು ದಿನದ ಪಟ್ಟಿ, ಇಷ್ಟನ್ನು ಬರೆದು ದೂರು ಕೊಟ್ಟ ಮೇಲೆ ಆರಿಸಿ ಹಚ್ಚುವ ಮಂತ್ರ ಕೇಳಿಬರಲಿಲ್ಲ. ಮರುದಿನ ಸಂಜೆ ಒಬ್ಬ ಲೈನ್‌ಮನ್ ಹುಡುಗ ಬಂದ. ಇಪ್ಪತ್ತೆರಡರ ವಯಸ್ಸು, ತೊಯ್ದ ಅಂಗಿ, ಹೆಗಲಿಗೆ ಚೀಲ. ಪೆಟ್ಟಿಗೆಯಿಂದ ನೂಲು ಬಿಚ್ಚಿ ಪೆನ್ನಿನಂಥ ಒಂದು ಉಪಕರಣದಿಂದ ಕೆಂಪು ಬೆಳಕು ಹಾಯಿಸಿ ಗಚ್ಚಿಯ ಮೇಲೆ ಹೋದ. ನಾವೂ ಕೊಡೆ ಹಿಡಿದು ಹೋದೆವು. ನೀರಿನ ಟಾಕಿಯ ಕಬ್ಬಿಣದ ಏಣಿಗೆ ಆ ತಂತಿಯನ್ನು ಯಾವಾಗಲೋ ಯಾರೋ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ಮಬ್ಬು ಕತ್ತಲೆಯಲ್ಲಿ ಸರಿಯಾಗಿ ಆ ಮಡಿಕೆಯಲ್ಲೇ ಕೆಂಪು ಬೆಳಕು ಕೆಂಡದ ಹಾಗೆ ಹೊರಗೆ ಕಾಣುತ್ತಿತ್ತು. ಗಾಳಿ ಬೀಸಿದಾಗ ತಂತಿ ಜಗ್ಗಿ ಮಡಿಕೆ ಇನ್ನೂ ಬಿಗಿಯಾಗುತ್ತಿತ್ತು. “ಮೋಡ್ಲೀ ನಾಹೀ ಕಾಕಾ, ವಾಕ್ಲೀ ಆಹೆ” ಎಂದ ಅವನು. ಮುರಿದಿಲ್ಲ, ಬಾಗಿದೆ. ಗಾಜಿನ ನೂಲನ್ನು ತೀರ ಸಣ್ಣ ಸುತ್ತಿಗೆ ಬಾಗಿಸಿದರೆ ಬೆಳಕು ತಿರುವಿನಲ್ಲಿ ತಿರುಗದೆ ಹೊರಗೆ ಚೆಲ್ಲಿಹೋಗುತ್ತದೆ. ಪಟ್ಟಿ ಕತ್ತರಿಸಿ, ಪೆಟ್ಟಾದ ಭಾಗ ತೆಗೆದು ಹೊಸದಾಗಿ ಬೆಸೆದು, ಅಗಲವಾದ ಸುತ್ತು ಕೊಟ್ಟು ಕಟ್ಟಿದ. ಕೆಳಗೆ ಬಂದು ನೋಡಿದರೆ ಮೈನಸ್ 21. ಏಳು ಅಂಕದ ಏರಿಕೆ, ಅಂದರೆ ಮೊದಲಿನ ಐದು ಪಟ್ಟು ಬೆಳಕು! ನೂರು ಕೂಗಿಗೂ ಉತ್ತರ ಬಂತು. ಚಹಾ ಕುಡಿದು ಹೋಗೆಂದರೆ ಇನ್ನೂ ನಾಲ್ಕು ಗಚ್ಚಿ ಏರುವುದಿದೆ ಎಂದು ನಿಂತೇ ಕುಡಿದು ಓಡಿದ. ಫೋನಿನಲ್ಲಿ ನಾವು ಕಂಪನಿಗೆ ಆಡುವ ಕಠೋರ ಮಾತುಗಳು ಕೊನೆಗೆ ಬಂದು ತಟ್ಟುವುದು ಈ ಹುಡುಗರಿಗೆ ಎಂಬುದನ್ನು ನಾವೆಲ್ಲ ನೆನಪಿಡಬೇಕು.

ಇಷ್ಟಾದ ಮೇಲೂ ರಾತ್ರಿ ಒಂಬತ್ತಕ್ಕೆ ಅಳೆದರೆ 148 ಇರಲಿಲ್ಲ, 80ರ ಆಸುಪಾಸು ಇತ್ತು. ಇದು ರೋಗವಲ್ಲ, ಪಾಲುದಾರಿಕೆ. ಕಂಪನಿಯ ಕೇಂದ್ರದಿಂದ ಹೊರಟ ಒಂದು ನೂಲನ್ನು ದಾರಿಯಲ್ಲಿ ಸಾಮಾನ್ಯವಾಗಿ 32 ಮನೆಗಳಿಗೆ ಕವಲೊಡೆಸಿರುತ್ತಾರೆ. ಬಹಳ ಕಡೆ ಬಳಕೆಯಲ್ಲಿರುವ ಪದ್ಧತಿಯಲ್ಲಿ ಆ ಒಂದು ನೂಲು ಹೊರುವುದು ಸುಮಾರು 2500 ಮೆಗಾಬಿಟ್. ಮೂವತ್ತೆರಡೂ ಮನೆಯವರು ಒಂದೇ ಗಳಿಗೆಯಲ್ಲಿ ಬಾಯಿ ತೆರೆದರೆ ತಲಾ 78 ಬರುತ್ತದೆ. ಹಗಲು ಹೊತ್ತು ಎಲ್ಲರೂ ಲೋಕಲ್ ಗಾಡಿಯಲ್ಲಿ ನೇತಾಡುತ್ತಿರುವಾಗ ನಮಗೆ ಪೂರ್ತಿ ಸಿಗುತ್ತದೆ, ರಾತ್ರಿ ಹಂಚಿಕೊಳ್ಳಬೇಕು. 80 ಆದರೂ ನಮಗೆ ಧಾರಾಳವಾಯಿತು. ಇದನ್ನು ಓದಿದ ಮೇಲೆ ವೇಗ ಸಾಲದೆಂದು ದೊಡ್ಡ ಪ್ಲಾನಿಗೆ ಹಣ ಕಟ್ಟಹೊರಟವರು ಸ್ವಲ್ಪ ತಡೆಯಬೇಕು. ಕಪಾಟಿನ ಹಿಂದೆ ಸೋರುವ ಮನೆಯಲ್ಲಿ 300ರ ಪ್ಲಾನು ಹಾಕಿಸಿಕೊಂಡರೂ ಒಳಕೋಣೆಗೆ ಬರುವುದು ಆರೇ.

ನಮ್ಮ ಸಂಘದ ಸಭೆ ಮುಗಿದು ಚಹಾ ಕುಡಿಯುವಾಗ ಈ ಮಾತೆತ್ತಿದರೆ ಒಬ್ಬೊಬ್ಬರದು ಒಂದೊಂದು ವ್ಯಾಧಿ. ಕಲ್ಯಾಣದ ಹಳೆಯ ವಾಡೆಯಲ್ಲಿರುವ ಗೆಳೆಯರಿಗೆ ಮೊಳಕ್ಕಿಂತ ದಪ್ಪದ ಗೋಡೆಗಳೇ ಶತ್ರು. ಥಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಕಟ್ಟಡದವರಿಗೆ ಫೈಬರ್ ಕೆಳಗಿನ ಕೋಣೆಯ ತನಕ ಮಾತ್ರ. ಅಲ್ಲಿಂದ ಮೇಲಕ್ಕೆ ತಾಮ್ರದ ತಂತಿ. ಆ ತಂತಿ ಒಂದೇ ಓಟದಲ್ಲಿ 100 ಮೀಟರಿಗಿಂತ ಉದ್ದವಿರಬಾರದೆಂಬ ನಿಯಮವಿದೆ. ನವಿ ಮುಂಬಯಿಯವರೊಬ್ಬರದು ಇನ್ನೂ ತಮಾಷೆ. ಐರೋಲಿ, ರಬಾಳೆ, ಮಹಾಪೆಯ ಉದ್ದಕ್ಕೂ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ನಿಂತಿವೆ. ದೇಶದ ಎಷ್ಟೋ ಬ್ಯಾಂಕು, ಸಿನೆಮಾ, ಸಂದೇಶಗಳು ಹಾದುಹೋಗುವುದು ಅಲ್ಲಿಂದಲೇ. ಅವರ ಕಿಟಕಿಯಿಂದ ಅಂಥದೊಂದು ಕಟ್ಟಡ ಕಾಣುತ್ತದೆ, ಮನೆಯಲ್ಲಿ ಮಾತ್ರ ಚಿತ್ರ ಸುತ್ತುತ್ತ ಕುಳಿತಿರುತ್ತದೆ! ಕೆರೆಯ ಏರಿಯ ಮೇಲೆ ಮನೆ ಕಟ್ಟಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರಬೇಕೆಂದಿಲ್ಲವಷ್ಟೆ.

ಎಲ್ಲ ದೋಷವೂ ನಮ್ಮ ಊರಿನಲ್ಲೇ ಇರಬೇಕೆಂದೂ ಇಲ್ಲ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹತ್ತಿರ ಸಮುದ್ರದಡಿಯ ಕೇಬಲುಗಳು ಕಡಿದಾಗ ನಮ್ಮ ದೇಶದ ಅಂತರ್ಜಾಲ ಕುಂಟಿತು. ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ಮುಂಬಯಿಯಲ್ಲೇ ಇರುವ ಯಂತ್ರದ ಜೊತೆ ಅಳೆಯುತ್ತದೆ. ಅದು ಚೆನ್ನಾಗಿದ್ದೂ ಅಮೆರಿಕದ ಯಾವುದೋ ಫೈಲು ಮಾತ್ರ ನಿಧಾನವಾದರೆ ನಮ್ಮ ಮನೆಯ ತಂತಿಯನ್ನು ದೂರುವುದು ನ್ಯಾಯವಲ್ಲ. ಹಾಗೆಯೇ ಮಾತಿಗೆ ಎರಡು ತುದಿ. ನಮ್ಮ ಕಡೆ ಎಲ್ಲ ಸರಿಯಾದ ಮೇಲೂ ಚಿಗವ್ವನ ಚಿತ್ರ ಒಮ್ಮೊಮ್ಮೆ ಮಸುಕಾಗುತ್ತಿತ್ತು. ಅವಳ ಚಿತ್ರ ನಮಗೆ ಬರುವುದು ಅವರ ಮನೆಯ ಅಪ್‌ಲೋಡ್ ವೇಗದಲ್ಲಿ, ನಮ್ಮ ಡೌನ್‌ಲೋಡಿನಲ್ಲಲ್ಲ. ಅಲ್ಲಿ ಇರುವುದು ಮೊಬೈಲಿನ ಸಿಗ್ನಲ್ ಒಂದೇ; ಮಾತು ನಡೆಯುತ್ತಿದ್ದದ್ದು ದೇವರ ಮನೆಯ ಪಕ್ಕದ ಒಳಕೋಣೆಯಲ್ಲಿ. ಮೊಮ್ಮಗನಿಗೆ ಹೇಳಿ ಪಡಸಾಲೆಯ ಕಿಟಕಿಯ ಹತ್ತಿರ ಕೂಡಿಸಿದೆವು. ಆ ಹೊತ್ತಿನಲ್ಲಿ ಫೋನು ತನ್ನಷ್ಟಕ್ಕೆ ದಿನದ ಫೋಟೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿತ್ತು. ಅದನ್ನು ಮಧ್ಯರಾತ್ರಿಗೆ ಮುಂದೂಡಿಸಿದೆವು. ಅವ್ವ ಇನ್ನೊಂದು ಬೇಡಿಕೆ ಇಟ್ಟಳು. “ದೀಪ ಅಕೀ ಬೆನ್ನಿಗೆ ಅದ, ಮಾರಿ ಮ್ಯಾಲೆ ಬೀಳೂ ಹಂಗ ಮಾಡಂತ ಹೇಳ್ರಿ.” ನಮಗೆ ಯಾರಿಗೂ ಹೊಳೆಯದ ಮಾತು. ದೀಪ ಮುಂದೆ ಬಂದ ಮೇಲೆ ತುಟಿಗಳು ಸ್ಪಷ್ಟವಾಗಿ ಕಂಡವು.

ಹೀಗೆ ಜಾಡು ಹಿಡಿದು ಹೋದರೆ ಆಮೆ ಎಲ್ಲಿ ಕುಳಿತಿದೆ ಎಂಬುದು ಸಿಗುತ್ತದೆ. ಮೊದಲು ತಂತಿಯ ಮೇಲೆ ಅಳೆದು ಮನೆಯ ಒಳಗೋ ಹೊರಗೋ ಎಂದು ಬೇರೆ ಮಾಡಿ. ಒಳಗಾದರೆ ಎಳೆ ಎಣಿಸಿ, ಪೆಟ್ಟಿಗೆಯ ಜಾಗ ನೋಡಿ. ಹೊರಗಾದರೆ ವೇಳೆ, ಹವೆ, ಬೆಳಕಿನ ಅಂಕಿ ಬರೆದಿಟ್ಟು ದೂರು ಕೊಡಿ. ದೂರಿಗೆ ಡಾಕೆಟ್ ಸಂಖ್ಯೆ ಕೇಳಿ ಪಡೆಯುವುದು ನಮ್ಮ ಹಕ್ಕು. 2012ರ ದೂರಸಂಪರ್ಕ ಗ್ರಾಹಕರ ನಿಯಮಗಳ ಪ್ರಕಾರ, ಆ ದೂರಿಗೆ ತೃಪ್ತಿಕರ ಉತ್ತರ ಬಾರದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಯ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಬರೆದಿಟ್ಟ ಅಂಕಿ ಕೈಯಲ್ಲಿದ್ದರೆ ಎಲ್ಲಿ ಹೋದರೂ ಮಾತಿಗೆ ತೂಕ ಬರುತ್ತದೆ.

ಕೊನೆಗೆ ಒಂದು ಸೂಚನೆ. ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಹಿರಿಯರಷ್ಟೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರು, ಪುಣೆ, ಪರದೇಶ. ಅವರಿಗೆಲ್ಲ ಈ ಗಾಜಿನ ನೂಲೇ ಕಿಟಕಿ, ಅದೇ ಬಾಗಿಲು. ಅದು ಮಸುಕಾದರೆ ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ. “ಮಲಗಿದ್ದೇನೆ ಎಂದು ಹೇಳಿ” ಎಂದುಬಿಡುತ್ತಾರೆ. ನಮ್ಮ ಸಂಘದಲ್ಲಿ ಇಂಥ ಕೆಲಸ ಬಲ್ಲ ತರುಣ ತರುಣಿಯರಿಗೆ ಕೊರತೆಯಿಲ್ಲ. ತಿಂಗಳಿಗೊಂದು ಭಾನುವಾರ, ಒಂದು ಎಂಟೆಳೆಯ ತಂತಿ ಮತ್ತು ಒಂದು ನೋಟುಪುಸ್ತಕ ಹಿಡಿದು, ತಮ್ಮ ಬೀದಿಯ ಇಬ್ಬರು ಹಿರಿಯರ ಮನೆಗೆ ಹೋಗಿ ಬಂದರೆ ಸಾಕು. ಮೂರನೆಯ ಮಹಡಿಯ ಹುಡುಗಿ ಆಗಲೇ ತನ್ನ ಹೆಸರು ಬರೆಸಿದ್ದಾಳೆ. ಅಂಕಣ ಎಳೆದುಕೊಡುವ ಕೆಲಸಕ್ಕೆ ನಾವಿಬ್ಬರೂ ಸಿದ್ಧರಿದ್ದೇವೆ. ಆದರೆ ಒಂಬತ್ತರಿಂದ ಒಂಬತ್ತೂ ಇಪ್ಪತ್ತರವರೆಗೆ ಮಾತ್ರ ಯಾರೂ ಕರೆಯಬಾರದು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಗದಗಿನವರು ಇರುತ್ತಾರೆ.